ಚೀಲ ಕಳೆದು ನಲವತ್ತು

“ನಲವತ್ತೊಂದು... ಚೀಲ ಕಳೆದು ನಲವತ್ತು!”

ಚಂದ್ರು ಎಂದಿನಂತೆ ಗಟ್ಟಿಯಾಗಿ ಕೂಗಿಬಿಟ್ಟ.

ಮಾದಾಪುರದ ಆ ಕಾಫಿ-ಮೆಣಸಿನ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತಿದ್ದ ಬೆಳೆಗಾರ ಬೋಜಪ್ಪನವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಯಾಕೆಂದರೆ ತೂಕದ ಯಂತ್ರದ ಮೇಲಿದ್ದದ್ದು ಮೆಣಸಿನ ಮೂಟೆಯಲ್ಲ. ಇಪ್ಪತ್ತಾರು ವರ್ಷದ ಹುಡುಗಿ!

“ಎಂತ ಹೇಳಿದ್ರಿ?” ಕವನಾ ಸೊಂಟಕ್ಕೆ ಕೈಯಿಟ್ಟಳು. “ನನ್ನ ಮೈಮೇಲೆ ಚೀಲ ಎಲ್ಲಿ ಉಂಟು? ತೋರಿಸಿ!”

ಚಂದ್ರುವಿನ ಕಿವಿ ಕೆಂಪಗಾಯಿತು. ದಿನಕ್ಕೆ ನೂರು ಮೂಟೆ ತೂಗುವ ಬಾಯಿ ಅದು. ಮೂಟೆ ಕಂಡರೆ ಸಾಕು, ಚೀಲದ ಲೆಕ್ಕ ಅಂತ ಒಂದು ಕೆಜಿ ತಾನಾಗಿಯೇ ಕಳೆದುಬಿಡುತ್ತಿತ್ತು.

“ತಪ್ಪಾಯ್ತು ಕಣ್ರೀ... ಬಾಯಿ ಅಭ್ಯಾಸ. ನಲವತ್ತೊಂದು ಕೆಜಿ. ಪೂರಾ ನಿಮ್ದೇ!”

ಬೋಜಪ್ಪನವರು ಇನ್ನಷ್ಟು ನಕ್ಕರು. ಕವನಾ ಮಾತ್ರ ನಗಲಿಲ್ಲ. ನಲವತ್ತೊಂದು ಎಂಬುದು ಕಿವಿಗೆ ಬೀಳುತ್ತಲೇ ಅವಳ ಕಣ್ಣು ತುಂಬಿ ಬಂದಿತ್ತು. ಕೆಳಗಿಳಿದು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದಳು.

ಅದನ್ನು ಚಂದ್ರು ನೋಡಿದ. ನೋಡಬಾರದಿತ್ತು... ಅವತ್ತಿನಿಂದ ಅವನ ನಿದ್ದೆ ಹೋಯಿತು!

* * *

ಕವನಾಳಿಗೆ ಬೇಕಿದ್ದದ್ದು ನಲವತ್ತೈದು ಕೆಜಿ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಹೆಣ್ಣುಮಕ್ಕಳಿಗೆ ಅಷ್ಟಾದರೂ ತೂಕ ಇರಲೇಬೇಕು.

ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಲಿಖಿತ ಪರೀಕ್ಷೆಯಲ್ಲೂ ಒಳ್ಳೆಯ ಅಂಕ. ಆದರೆ ಕಳೆದ ಸಲ ಪಕ್ಕದ ಮನೆಯ ಚಿಕ್ಕ ತೂಕದ ಯಂತ್ರ ನಲವತ್ತೈದು ಎಂದಿತ್ತು, ಮೈದಾನದ ಯಂತ್ರ ನಲವತ್ತಮೂರೂ ಇಲ್ಲ ಎಂದಿತು. ಹನ್ನೆರಡು ಬಾಳೆಹಣ್ಣು ನುಂಗಿ, ಎರಡು ಬಾಟಲಿ ನೀರು ಕುಡಿದು ಹೋಗಿದ್ದ ಹುಡುಗಿ ಎಲ್ಲರೆದುರು ವಾಂತಿ ಮಾಡಿಕೊಂಡು ಮನೆಗೆ ಬಂದಿದ್ದಳು. ಆ ಅವಮಾನಕ್ಕೆ ಮತ್ತೂ ಸೊರಗಿದಳು.

ವಯಸ್ಸಿನ ಲೆಕ್ಕದಲ್ಲಿ ಇದು ಕೊನೆಯ ಅವಕಾಶ. ಜೂನ್ ಮೊದಲ ವಾರ ಮಡಿಕೇರಿಯಲ್ಲಿ ದೇಹದಾರ್ಢ್ಯ ಪರೀಕ್ಷೆ. ಉಳಿದಿದ್ದು ಹತ್ತೇ ವಾರ.

ಅದಕ್ಕೇ ಸರ್ಕಾರದ ಸೀಲು ಬಿದ್ದ ಯಂತ್ರವನ್ನು ಹುಡುಕಿಕೊಂಡು ಅವಳು ಈ ಅಂಗಡಿಗೆ ಬಂದಿದ್ದು. ಅದರ ಮುಳ್ಳು ತೂಗುವವನ ಕಡೆಗಿತ್ತು, ಮೇಲೆ ನಿಂತವರಿಗೆ ಚಂದ್ರು ಕೂಗಿದ್ದೇ ಲೆಕ್ಕ. ‘ಇದಾದರೂ ನನಗೆ ಸುಳ್ಳು ಹೇಳದಿರಲಿ ದೇವರೇ...’

ಮುಂದಿನ ಸೋಮವಾರ ಬಂದಾಗ ಅವಳ ಚೀಲದಲ್ಲೊಂದು ದೊಡ್ಡ ಡಬ್ಬವಿತ್ತು.

“ಏನ್ರೀ ಅದು?” ಚಂದ್ರು ಕೇಳಿದ.

“ತೂಕ ಹೆಚ್ಚಿಸುವ ಪುಡಿ. ಹದಿನೈದು ದಿನಕ್ಕೆ ಐದು ಕೆಜಿ ಅಂತ ಬರೆದುಂಟು.”

“ಕಾಫಿ ಗಿಡಕ್ಕೆ ಒಂದೇ ದಿನ ಒಂದು ಮೂಟೆ ಗೊಬ್ಬರ ಸುರಿದ್ರೆ ಏನಾಯ್ತದೆ?”

“ಬೇರು ಸುಟ್ಟುಹೋಗ್ತದೆ.”

“ಮತ್ತೆ? ಗಿಡಕ್ಕಿರೋ ಮರ್ಯಾದೆ ನಿಮ್ ಹೊಟ್ಟೆಗಿಲ್ವಾ?”

ಕವನಾಳಿಗೆ ಸಿಟ್ಟೂ ಬಂತು, ನಗುವೂ ಬಂತು. ಡಬ್ಬವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಹಾಗಾದ್ರೆ ಎಂತ ತಿನ್ನುದು? ನಾನು ಉಣ್ತೇನೆ ಮಾರಾಯ್ರೆ. ಮೈಗೆ ಹತ್ತುದಿಲ್ಲ.”

“ದಿನಕ್ಕೆ ಎಷ್ಟು ಸಲ ಉಣ್ತೀರಿ?”

“ಎರಡು. ಬೆಳಿಗ್ಗೆ ಓಡ್ಲಿಕ್ಕುಂಟಲ್ಲ, ಬರೀ ಕಾಫಿ.”

ಚಂದ್ರು ಹಣೆ ಚಚ್ಚಿಕೊಂಡ. “ಅಲ್ಲಾ ಕಣ್ರೀ, ಬರೀ ಕಾಫಿ ಕುಡ್ದು ಓಡಿದ್ರೆ ಇರೋ ಮೈಯೂ ಕರಗ್ತದೆ!”

ಮಾರನೇ ದಿನ ಕುಶಾಲನಗರದ ಹತ್ತಿರದ ತನ್ನ ಮನೆಯಿಂದ ಅವನು ಒಂದು ಸ್ಟೀಲ್ ಡಬ್ಬಿ ತಂದ. ಅವನ ತಾಯಿ ಲಿಂಗಮ್ಮ ಮಾಡಿದ ರಾಗಿ ಹುರಿಹಿಟ್ಟು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನ ಅದು. ಊರು ಬಿಟ್ಟರೂ ಹುರಿಹಿಟ್ಟು ಬಿಟ್ಟಿರಲಿಲ್ಲ.

“ಓಡೋಕೆ ಮುಂಚೆ ಒಂದು ಬಾಳೆಹಣ್ಣು. ಬಂದ ಮೇಲೆ ಇದನ್ನ ಹಾಲು, ಬೆಲ್ಲ ಹಾಕಿ ಕಲಸ್ಕೊಂಡು ತಿನ್ನಿ. ಆಮೇಲೆ ತಿಂಡಿ ಜೊತೆ ಮೊಟ್ಟೆ. ಒಂದೇ ಸಲ ತುರುಕ್ಬೇಡಿ, ಐದಾರು ಸಲ ಸ್ವಲ್ಪ ಸ್ವಲ್ಪ.”

“ನೀವು ಡಾಕ್ಟ್ರಾ?”

“ಅಲ್ಲ. ಆಸ್ಪತ್ರೆ ನರ್ಸಮ್ಮನ್ನ ಕೇಳ್ಕೊಂಡ್ ಬಂದೆ,” ಎಂದವನು ನಾಲಿಗೆ ಕಚ್ಚಿಕೊಂಡ.

ಅವಳಿಗಾಗಿ ಆಸ್ಪತ್ರೆಗೆ ಹೋಗಿ ವಿಚಾರಿಸಿದನಾ?! ಕವನಾ ಡಬ್ಬಿ ಎದೆಗೊತ್ತಿಕೊಂಡು ಮನೆಯವರೆಗೂ ಒಬ್ಬಳೇ ನಗುತ್ತಾ ನಡೆದಳು.

* * *

ಏಪ್ರಿಲ್ ಮುಗಿಯುವ ಹೊತ್ತಿಗೆ ಅಂಗಡಿಯ ಮುಂದೆ ಬೆಣ್ಣೆಹಣ್ಣಿನ ರಾಶಿ ಬೀಳತೊಡಗಿತು.

“ಇದನ್ನ ತಿನ್ನುದಾ?” ಕವನಾ ಮೂಗು ಮುರಿದಳು. “ನಮ್ಮಲ್ಲಿ ಬಿದ್ದದ್ದನ್ನ ನಾಯಿ ತಿಂತದೆ.”

“ನಿಮ್ಮನೆ ನಾಯಿ ಹೆಂಗೈತೆ?”

“ಗುಂಡಗುಂಡಗೆ...” ಎಂದವಳು ತಡೆಯಲಾರದೆ ನಕ್ಕುಬಿಟ್ಟಳು.

“ನಾಯಿಗಿರೋ ಬುದ್ಧಿ ನಮಗಿಲ್ಲ ನೋಡಿ!” ಎಂದು ಹಣ್ಣು ಸೀಳಿ, ಬೆಲ್ಲದ ಪುಡಿ ಉದುರಿಸಿ ಚಮಚದ ಸಮೇತ ಅವಳ ಕೈಗಿಟ್ಟ. ಮೊದಲ ಚಮಚಕ್ಕೆ ಮುಖ ಕಿವುಚಿದವಳು ಮೂರನೆಯದಕ್ಕೆ ಇನ್ನೊಂದು ಹಣ್ಣು ಆರಿಸುತ್ತಿದ್ದಳು.

ಮನೆಯಲ್ಲಿ ಅವಳ ತಾಯಿ ಯಮುನ ಸುಮ್ಮನಿರಲಿಲ್ಲ. ಹಲಸಿನ ಬೀಜದ ಪಲ್ಯ, ಹುರುಳಿ ಸಾರು, ತುಪ್ಪದಲ್ಲಿ ಬಾಡಿಸಿದ ನೇಂದ್ರ ಬಾಳೆ, ರಾತ್ರಿ ಮಲಗುವ ಮುಂಚೆ ಲೋಟ ತುಂಬ ಹಾಲು. ಮಗಳು ತಟ್ಟೆ ಖಾಲಿ ಮಾಡುವುದನ್ನು ನೋಡಲೆಂದೇ ಎದುರಿಗೆ ಕೂರುತ್ತಿದ್ದರು.

ನಲವತ್ತೆರಡು. ನಲವತ್ತೆರಡೂವರೆ. ನಲವತ್ತಮೂರು!

“ನಲವತ್ತಮೂರು!” ಎಂದು ಚಂದ್ರು ಕೂಗಿದ ದಿನ ಕವನಾ ಯಂತ್ರದ ಮೇಲೇ ಕುಣಿದಳು. ಆ ಖುಷಿಗೆ ವಾರವಿಡೀ ಎರಡರಷ್ಟು ಓಡಿದಳು. ಹಸಿವಿಲ್ಲವೆಂದು ರಾತ್ರಿಯ ಹಾಲು ಬಿಟ್ಟಳು. ಮುಂದಿನ ಸೋಮವಾರ ಮುಳ್ಳು ಮತ್ತೆ ನಲವತ್ತೆರಡೂವರೆಗೆ ಇಳಿದಿತ್ತು.

ಅವಳ ಬಾಡಿದ ಮುಖ ನೋಡಿ ಚಂದ್ರು ಮತ್ತೊಮ್ಮೆ ಬಗ್ಗಿ ಮುಳ್ಳನ್ನೇ ದಿಟ್ಟಿಸಿದ.

ಅದೇ ಹೊತ್ತಿಗೆ ಬೋಜಪ್ಪನವರು ಮೆಣಸಿನ ಮೂಟೆ ಇಳಿಸಿದರು. ಚಂದ್ರು ಒಂದು ಕಾಳು ತೆಗೆದು ಹಲ್ಲಿನಿಂದ ಕಚ್ಚಿದ.

“ಇನ್ನೂ ಹಸಿ ಐತೆ ಬೋಜಪ್ಪಣ್ಣ. ಈಗ ಎಷ್ಟು ತೂಗಿದ್ರೂ ಪ್ರಯೋಜನ ಇಲ್ಲ. ಒಣಗಿದ ಮೇಲೆ ಎಷ್ಟು ಉಳೀತದೋ ಅದೇ ತೂಕ.”

ಕವನಾ ಆ ಮಾತನ್ನು ಕೇಳಿಸಿಕೊಂಡಳು. ಮೆಣಸಿನ ಮಾತು ತನಗೇಕೆ ಎಂದು ಅಲ್ಲೇ ಮರೆತಳು.

* * *

ಮೇ ತಿಂಗಳ ಕೊನೆಯಲ್ಲಿ ಲಿಂಗಮ್ಮ ಒಂದು ಡಬ್ಬ ಎಳ್ಳುಂಡೆ ಹೊತ್ತು ಕವನಾಳ ಮನೆಗೇ ಬಂದುಬಿಟ್ಟರು.

“ಯಮುನಕ್ಕ, ನೇರ ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ಈ ಪೊಲೀಸ್ ಕೆಲ್ಸ ಆದ್ರೂ ಸರಿ, ಆಗ್ದಿದ್ರೂ ಸರಿ. ನಿಮ್ ಮಗಳನ್ನ ನಮ್ಮನೆ ಸೊಸೆ ಮಾಡ್ಕಳಾಕೆ ನಂಗಿಷ್ಟ ಕಣವ್ವ.”

ಬಾಗಿಲ ಹಿಂದೆ ನಿಂತಿದ್ದ ಕವನಾಳ ಎದೆ ಡವಡವ ಹೊಡೆದುಕೊಂಡಿತು. ನಾಚಿಕೆ, ಸಂತೋಷ, ಭಯ ಎಲ್ಲವೂ ಒಟ್ಟಿಗೆ! ‘ಚಂದ್ರು ಹೇಳಿ ಕಳಿಸಿದರಾ? ನನ್ನ ಹತ್ತಿರ ಒಂದು ಮಾತೂ ಆಡದೆ?’

ಮರುದಿನ ಯಂತ್ರದ ಮೇಲೆ ನಿಂತಾಗ ಚಂದ್ರು ಅವಳ ಮುಖ ನೋಡದೆ ಹೇಳಿದ. “ನಲವತ್ತನಾಲ್ಕು.”

ಪರೀಕ್ಷೆಗೆ ಹತ್ತೇ ದಿನ. ಇನ್ನೂ ಒಂದು ಕೆಜಿ ಕಮ್ಮಿ!

ಆ ಸಂಜೆ ಅವಳು ತಟ್ಟೆ ಮುಂದಿಟ್ಟುಕೊಂಡು ಅತ್ತಳು.

“ಎಂತಾತ್ ಮಗಾ?” ಯಮುನ ಗಾಬರಿಯಾದರು.

“ನಂಗೆ ಆಗುದಿಲ್ಲ ಅವ್ವ. ಮತ್ತೆ ಎಲ್ಲರೆದುರು ವಾಪಸ್ ಬರ್ಲಿಕ್ಕೆ ನನ್ನಿಂದ ಸಾಧ್ಯ ಇಲ್ಲ. ನಾನು ಹೋಗುದೇ ಇಲ್ಲ.”

ಯಮುನ ಮಗಳ ಕಣ್ಣೊರೆಸಿ ತಾವೇ ತುತ್ತು ತಿನ್ನಿಸಿದರು. ಮರುದಿನ ಬೆಳಗ್ಗೆ ತಮ್ಮ ರಕ್ತದೊತ್ತಡದ ಮಾತ್ರೆ ತರುವ ನೆಪದಲ್ಲಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದರು. ನರ್ಸಮ್ಮ ಸುಮ್ಮನೆ ಒಮ್ಮೆ ತೂಗಿ ನೋಡಿ, “ನಲವತ್ತೈದು! ಭೇಷ್ ಕವನಾ!” ಎಂದರು.

ಕವನಾ ನಂಬಲಿಲ್ಲ. ಸೀದಾ ಅಂಗಡಿಗೆ ಓಡಿದಳು.

“ಬೋಜಪ್ಪಣ್ಣ, ನೀವು ಓದಿ. ಇವರು ಬೇಡ!”

ಬೋಜಪ್ಪನವರು ಕನ್ನಡಕ ಏರಿಸಿ ಬಗ್ಗಿದರು. “ನಲವತ್ತೈದು.”

ಚಂದ್ರುವಿನ ಮುಖ ಬಿಳಿಚಿಕೊಂಡಿತು.

“ನಿನ್ನೆ ನಲವತ್ತನಾಲ್ಕು ಅಂದಿರಿ.” ಕವನಾ ಅವನತ್ತ ತಿರುಗಿದಳು. “ಮತ್ತೆ ಚೀಲ ಕಳೆದ್ರಾ?”

“...ಹೌದು.”

“ಎಷ್ಟು ವಾರದಿಂದ?”

“ನಾಲ್ಕು ವಾರ ಆಯ್ತು. ಕವನಾ, ಒಂದ್ ನಿಮಿಷ ಕೇಳಿ...”

“ಎಂತ ಕೇಳುದು? ನಾನು ಧೈರ್ಯ ಕಳ್ಕೊಂಡು ಮನೇಲಿ ಕೂರ್ಬೇಕು. ಆಮೇಲೆ ನಿಮ್ಮನೆಗೆ ಬಂದು ಮುದ್ದೆ ತಿರುವ್ಬೇಕು. ಅಷ್ಟೇ ಅಲ್ವಾ? ನಿನ್ನೆ ನಾನು ಪರೀಕ್ಷೆಗೇ ಹೋಗುದಿಲ್ಲ ಅಂತ ಅತ್ತಿದ್ದೇನೆ, ಗೊತ್ತುಂಟಾ ನಿಮಗೆ?”

ಚಂದ್ರು ಏಟು ತಿಂದವನಂತೆ ನಿಂತ. ಅವಳು ಅತ್ತಿದ್ದು ಅವನಿಗೆ ಗೊತ್ತಿರಲಿಲ್ಲ. ತಾಯಿ ಹೆಣ್ಣು ಕೇಳಲು ಹೋದದ್ದೂ ಗೊತ್ತಿರಲಿಲ್ಲ!

“ಇಡೀ ಊರಲ್ಲಿ ಈ ಯಂತ್ರ ಒಂದನ್ನ ನಂಬಿದ್ದೆ ನಾನು... ನಿಮ್ಮನ್ನೂ.”

ಅವಳು ತಿರುಗಿ ನಡೆದಳು. ಬೆನ್ನ ಹಿಂದಿನಿಂದ ಅವನು ಕೂಗಿದ್ದು ಇಷ್ಟೇ. “ನನ್ ಮೇಲಿನ ಕೋಪಕ್ಕೆ ಊಟ ಬಿಡ್ಬೇಡಿ, ಕವನಾ!”

ಅವಳೇನು ಬಿಡುವವಳೇ? ಹಟಕ್ಕೆ ಬಿದ್ದು ತಿಂದಳು! ಐದಾರು ಸಲ, ಸ್ವಲ್ಪ ಸ್ವಲ್ಪ, ಒಂದು ಹೊತ್ತೂ ತಪ್ಪದೆ. ಹುರಿಹಿಟ್ಟಿನ ಡಬ್ಬಿ ಮುಚ್ಚಳ ತೆಗೆದಾಗೆಲ್ಲ ಕಣ್ಣು ಒದ್ದೆಯಾಗುತ್ತಿತ್ತು. ಒರೆಸಿಕೊಂಡು ಮತ್ತೆ ಕಲಸುತ್ತಿದ್ದಳು. ಹೊರಡುವ ಹಿಂದಿನ ದಿನ ಆಸ್ಪತ್ರೆಯ ಯಂತ್ರ ನಲವತ್ತಾರು ಎಂದಿತು.

* * *

ಮಡಿಕೇರಿಯ ಬಸ್ಸಿನಲ್ಲಿ, ರಸ್ತೆಯ ತಿರುವುಗಳಿಗೆ ಕವನಾಳ ತಿಂಡಿಯೆಲ್ಲ ಹೊರಬಂತು.

ಮೈದಾನದಲ್ಲಿ ಮೊದಲು ಓಟ. ಗೆದ್ದಳು. ಗುಂಡು ಎಸೆತ. ಗೆದ್ದಳು. ಆದರೆ ತೂಕದ ಸರತಿ ಬರುವಾಗ ಮಧ್ಯಾಹ್ನ ಎರಡು ಗಂಟೆ. ಭಯಕ್ಕೆ ಗುಟುಕು ನೀರೂ ಕುಡಿದಿರಲಿಲ್ಲ. ಬೆವರಿಗೆ ಬಟ್ಟೆ ಮೈಗಂಟಿತ್ತು.

ಅವಳ ಮುಂದೆ ಧನುಶ್ರೀ ಎಂಬ ಹುಡುಗಿ ಇದ್ದಳು. ಯಂತ್ರ ಹತ್ತಿದಳು. ತೂಕ ನೋಡುತ್ತಿದ್ದ ಮಹಿಳಾ ಅಧಿಕಾರಿ ಕೂಗಿದರು. “ನಲವತ್ತನಾಲ್ಕು ಆರುನೂರು. ನೆಕ್ಸ್ಟ್!”

“ಮೇಡಂ, ನಿನ್ನೆ ಮನೇಲಿ ನಲವತ್ತೈದೂವರೆ ಇತ್ತು ಮೇಡಂ! ದೇವರಾಣೆಗೂ ಇತ್ತು!” ಆ ಹುಡುಗಿ ಕವನಾಳ ಭುಜದ ಮೇಲೆ ಬಿದ್ದು ಬಿಕ್ಕಿದಳು. “ನಲವತ್ತೈದು ಆಯ್ತಲ್ಲ ಅಂತ ಸುಮ್ನಾಗ್ಬಿಟ್ಟೆ ಅಕ್ಕಾ...”

ಕವನಾ ಅವಳ ಬೆನ್ನು ಸವರಿದಳು. ಆ ಗಳಿಗೆಯಲ್ಲೇ ಎಲ್ಲವೂ ಹೊಳೆಯಿತು.

‘ಒಣಗಿದ ಮೇಲೆ ಎಷ್ಟು ಉಳೀತದೋ ಅದೇ ತೂಕ...’

ಅಯ್ಯೋ! ನಲವತ್ತಮೂರು ಎಂದ ವಾರವೇ ಕುಣಿದು ಹಾಲು ಬಿಟ್ಟವಳು ತಾನು. ನಲವತ್ತೈದು ಎಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲವೇ? ಬಸ್ಸಿಗೆ, ಬೆವರಿಗೆ, ಭಯಕ್ಕೆ ಎಷ್ಟು ಹೋಗುತ್ತದೆಂದು ಲೆಕ್ಕ ಹಾಕಿ, ಅದಕ್ಕೂ ಮೇಲೆ ಒಂದು ಕೆಜಿ ಅವಳ ಮೈಯಲ್ಲಿ ಕೂಡಿಡಲು ನೋಡಿದ್ದ ಅವನು!

“ನೆಕ್ಸ್ಟ್!”

ಕವನಾ ಕಣ್ಣು ಮುಚ್ಚಿಕೊಂಡು ಹತ್ತಿದಳು.

“ನಲವತ್ತೈದು ಇನ್ನೂರು. ಪಾಸ್!”

ಅವಳು ಕೂಗಿದ ಕೂಗಿಗೆ ಮೈದಾನದ ಆಚೆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ನೋಡಲಿ! ಈ ಸಲ ಎಲ್ಲರೂ ನೋಡಲಿ!

ಮನೆಗೆ ಫೋನ್ ಮಾಡಿದರೆ ಯಮುನ ಅತ್ತು, ನಕ್ಕು, ಕೊನೆಗೆ ಕೇಳಿದ್ದು ಒಂದೇ. “ಉಂಡ್ಯಾ ಮಗಾ?”

ಉಂಡಳು. ಧನುಶ್ರೀಯನ್ನೂ ಜೊತೆಗೆ ಕೂರಿಸಿಕೊಂಡು ಹೊಟ್ಟೆ ತುಂಬ ಉಂಡಳು. ಹುರಿಹಿಟ್ಟು ಮಾಡುವುದು ಹೇಗೆಂದು ಚೀಟಿಯಲ್ಲಿ ಬರೆದುಕೊಟ್ಟು, “ನಿಂಗೆ ಇನ್ನೂ ವಯಸ್ಸುಂಟು. ಮುಂದಿನ ಸಲಕ್ಕೆ ಈಗ್ಲೇ ಶುರು ಮಾಡು,” ಎಂದಳು.

* * *

ಸಂಜೆ ಚಂದ್ರು ಅಂಗಡಿಯ ಬಾಗಿಲು ಎಳೆಯುತ್ತಿದ್ದ.

“ತೂಕ ಮಾಡ್ಲಿಕ್ಕುಂಟು.”

ತಿರುಗಿದ. ಎದೆಯ ಮೇಲೆ ಇನ್ನೂ ಪರೀಕ್ಷೆಯ ನಂಬರು, ಕೆದರಿದ ಜಡೆ, ಮುಖದ ತುಂಬ ಧೂಳು. ಇಷ್ಟು ಚೆಂದದ ಹುಡುಗಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

“ಆಯ್ತಾ?” ಎಳೆಯುತ್ತಿದ್ದ ಬಾಗಿಲನ್ನು ಅರ್ಧಕ್ಕೇ ಬಿಟ್ಟ.

“ಆಯ್ತು!”

ಚಂದ್ರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕವನಾ ಹತ್ತಿರ ಬಂದು ಕೂತಳು.

“ತಪ್ಪು ನಂದೇ ಕವನಾ. ನಿಜ ಹೇಳಿ, ಇನ್ನೊಂದು ಕೆಜಿ ಬೇಕು ಅಂತ ನೇರ ಹೇಳ್ಬೇಕಿತ್ತು. ನೀವು ಅತ್ರಿ ಅಂತ ಕೇಳಿ ಹತ್ತು ದಿನದಿಂದ ನಂಗೂ ಅನ್ನ ಇಳೀಲಿಲ್ಲ. ಅಮ್ಮ ಬಂದಿದ್ದೂ ನಂಗೆ ಗೊತ್ತಿರ್ಲಿಲ್ಲ. ನಾನೇ ಬಂದು ಕೇಳೋಣ ಅಂತಿದ್ದೆ... ನೀವು ಗೆದ್ದ ಮೇಲೆ.”

“ಗೆದ್ದಾಯ್ತಲ್ಲ. ಕೇಳಿ.”

“ಈಗ್ಲೇ?”

“ಮತ್ತೆ ಮುಹೂರ್ತ ನೋಡ್ಬೇಕಾ?”

“ನೀವಂದ್ರೆ ನಂಗೆ ಪ್ರಾಣ ಕವನಾ,” ಎಂದ ಚಂದ್ರು ಒಂದೇ ಉಸಿರಿಗೆ. “ಮೊದಲ ದಿನ ಇದೇ ಯಂತ್ರದ ಮೇಲೆ ನಿಂತು ಬೈದ್ರಲ್ಲ, ಆವತ್ತಿಂದ. ಟ್ರೈನಿಂಗ್ ಮುಗಿಸ್ಕೊಂಡು ಬನ್ನಿ, ಯಾವ ಊರಿಗೆ ಹಾಕಿದ್ರೂ ಹೋಗಿ. ನಾನು ಕಾಯ್ತೀನಿ. ಆಗ್ಬಹುದಾ?”

ಅವಳು ಎದ್ದು ಹೋಗಿ ಯಂತ್ರದ ಮೇಲೆ ನಿಂತಳು.

“ಮೊದಲು ತೂಗಿ. ಒಂದು ಗ್ರಾಂ ಕಳೆದ್ರೂ ಒಳಗೆ ಹಾಕಿಸ್ತೇನೆ. ನಾನೀಗ ಪೊಲೀಸ್!”

ಚಂದ್ರು ಕಣ್ಣೊರೆಸಿಕೊಂಡು ಬಗ್ಗಿದ. ಖಾಲಿ ಅಂಗಡಿಯಲ್ಲಿ ಎಂದಿನಂತೆ ಗಟ್ಟಿಯಾಗಿ ಕೂಗಿದ.

“ನಲವತ್ತೈದೂವರೆ! ಪೂರಾ ನಿಮ್ದೇ!”

“ಪೂರಾ ನಂದಲ್ಲ.” ಕವನಾ ತಲೆಯಾಡಿಸಿದಳು. “ಬಂದಾಗ ನಲವತ್ತೊಂದಿತ್ತು. ಮೇಲಿನ ನಾಲ್ಕೂವರೆ ಕೆಜಿ ನಮ್ಮಿಬ್ಬರ ಅಮ್ಮಂದಿರದ್ದು.”

“ಹಂಗಾದ್ರೆ ನಂಗೇನೂ ಇಲ್ವಾ?”

ಅವಳು ಕೆಳಗಿಳಿದು ಅವನ ಕೈ ಹಿಡಿದುಕೊಂಡಳು.

“ಉಳಿದ ನಲವತ್ತೊಂದೂ ನಿಮ್ಮದೇ, ಚಂದ್ರು.”