ಅಜ್ಜಿಯ ಹೆಸರಿನ ದ್ವೀಪ

"ಪ್ರಿಯ ಸತ್ಯಮ್ಮ ಅವರೇ, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ." ಅಶ್ಮಿತಾ ಫೋನಿನಲ್ಲಿ ಬಂದಿದ್ದನ್ನು ಜೋರಾಗಿ ಓದಿದಳು. ಆಮೇಲೆ ಫೋನಿಗೇ ಹೇಳಿದಳು, "ಎಂತದೂ ಅರ್ಥ ಆಗಿಲ್ಲ ನಿಂಗೆ."

ಎದುರು ಕೂತು ಕರಿಬೇವಿನ ಎಲೆ ಬಿಡಿಸುತ್ತಿದ್ದ ಸತ್ಯಮ್ಮಜ್ಜಿ ತಲೆ ಎತ್ತಿದರು. "ನನ್ನ ಹೆಸರು ಹಿಡಿದು ಕರೆಯುವವರು ಯಾರು ಮಗಾ?"

"ರೋಬೋಟ್, ಅಜ್ಜಿ. ಗೇಮ್ ಕಂಪನಿಯದ್ದು."

"ಊಟ ಆಯ್ತಾ ಕೇಳು ಅದಕ್ಕೆ," ಎಂದು ಅಜ್ಜಿ ಮತ್ತೆ ಎಲೆ ಬಿಡಿಸತೊಡಗಿದರು.

ಬಾಂಬೆ ಹತ್ತಿರದ ಕೋಪರಖೈರಣೆಯ ಅವರ ಹೋಟೆಲಿನಲ್ಲಿ ಅದು ಬಿಡುವಿನ ಹೊತ್ತು. ಊಟದ ಗದ್ದಲ ಮುಗಿದಿತ್ತು, ಸಂಜೆಯ ಚಹಾಕ್ಕೆ ಜನ ಇನ್ನೂ ಬಂದಿರಲಿಲ್ಲ. ಅಶ್ಮಿತಾಳದು ಬೆಳಗಿನ ಶಿಫ್ಟಿನ ಶಾಲೆ. ದಿನಾ ಈ ಹೊತ್ತಿಗೆ ಅವಳು ಹಿಂದಿನ ಮೂಲೆಯ ಟೇಬಲ್ ಹಿಡಿದು, ಅಜ್ಜಿಯ ಫೋನಿನಲ್ಲಿ ಐಲ್ಯಾಂಡ್ ಗ್ಯಾಂಗ್ ಎಂಬ ದ್ವೀಪ ಕಟ್ಟುವ ಗೇಮ್ ಆಡುತ್ತಿದ್ದಳು. ಇವತ್ತು ಆಟ ತೆರೆದರೆ ದ್ವೀಪವೇ ಇಲ್ಲ. ಬೂದು ಬಣ್ಣದ ಪರದೆ, ನಡುವೆ ಒಂದು ಬೀಗದ ಚಿತ್ರ. "ಈ ಅಕೌಂಟ್ ಎರಡು ಊರುಗಳಿಂದ ಬಳಕೆಯಾಗಿದೆ. ಸುರಕ್ಷತೆಗಾಗಿ ಮುಚ್ಚಲಾಗಿದೆ."

ಎರಡು ಊರು ಹೌದು. ಇನ್ನೊಂದು ಊರು ಟಿಟ್ವಾಳಾ. ಅಲ್ಲಿ ಚಿಕ್ಕಪ್ಪನ ಮಗ ಅಕ್ಷಿತ್ ಇದ್ದ.

ಹೋದ ವರ್ಷದವರೆಗೆ ಅವರೆಲ್ಲ ಇಲ್ಲೇ, ಒಂದೇ ಮನೆಯಲ್ಲಿದ್ದರು. ಚಿಕ್ಕಪ್ಪ ಟಿಟ್ವಾಳಾದಲ್ಲಿ ಸ್ವಂತ ಫ್ಲಾಟ್ ಮಾಡಿಕೊಂಡು ಹೋದರು. ಇಲ್ಲಿಂದ ಥಾಣೆಗೆ ಒಂದು ಟ್ರೈನು, ಅಲ್ಲಿಂದ ಟಿಟ್ವಾಳಾಕ್ಕೆ ಇನ್ನೊಂದು. ಹಬ್ಬಕ್ಕೆ ಬಿಟ್ಟರೆ ಯಾರೂ ಅಷ್ಟು ದೂರ ಹೋಗಿಬರುತ್ತಿರಲಿಲ್ಲ. ಅಕ್ಷಿತನ ಹೊಸ ಶಾಲೆ ಮಧ್ಯಾಹ್ನದ ಶಿಫ್ಟು. ಇವಳಿಗೆ ಬಿಡುವಾದಾಗ ಅವನು ಕ್ಲಾಸಿನಲ್ಲಿ, ಅವನಿಗೆ ಬಿಡುವಾದಾಗ ಇವಳು ಕ್ಲಾಸಿನಲ್ಲಿ.

ಆಗ ಇಬ್ಬರೂ ಸೇರಿ ದ್ವೀಪ ಮಾಡಿದರು. ಅಕೌಂಟ್ ತೆರೆಯಲು ದೊಡ್ಡವರ ನಂಬರು ಬೇಕಿತ್ತು. ಪಪ್ಪನ ಫೋನು ಹೋಟೆಲಿನದು, ಮುಟ್ಟುವ ಹಾಗಿಲ್ಲ. ಅಜ್ಜಿಯ ಫೋನು ಸುಮ್ಮನೆ ಕೂತಿತ್ತು. ಹಾಗಾಗಿ ದ್ವೀಪದ ಒಡತಿಯ ಹೆಸರು ಸತ್ಯಮ್ಮ ಎಂದಾಯಿತು. ಅದೇ ಪಾಸ್‌ವರ್ಡ್ ಹಾಕಿ ಅಕ್ಷಿತ್ ಬೆಳಿಗ್ಗೆ ತನ್ನಮ್ಮನ ಹಳೇ ಫೋನಿನಲ್ಲಿ ಆಡುತ್ತಿದ್ದ, ಮಧ್ಯಾಹ್ನ ಇವಳು. ಒಂದೇ ಸೈಕಲ್, ಒಂದೇ ಕೊಡೆ, ಬಣ್ಣ ಹಚ್ಚಲು ಒಂದೇ ಪೆಟ್ಟಿಗೆ ಹಂಚಿಕೊಂಡು ಬೆಳೆದವರು. ಆಟಕ್ಕೆ ಮಾತ್ರ ಬೇರೆ ಬೇರೆ ಅಕೌಂಟ್ ಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ.

ಬಂದರು ಕಟ್ಟಿದ್ದು ಅಶ್ಮಿತಾ. ಸೇತುವೆಗಳೆಲ್ಲ ಅಕ್ಷಿತನವು. ಅವನು ಬೇಕೆಂದೇ ಸೇತುವೆಯನ್ನು ಅರ್ಧಕ್ಕೆ ನಿಲ್ಲಿಸಿ, ಅಲ್ಲಿ ಒಂದು ಬೋರ್ಡು ನೆಟ್ಟು ಶಾಲೆಗೆ ಹೋಗುತ್ತಿದ್ದ. "ಬಾಕಿ ನಿನ್ನ ಕೆಲಸ, ಮೇಸ್ತ್ರಿ." ಬೇರೆ ಟೀಮುಗಳು ದೋಣಿ ತಂದು ದಾಳಿ ಮಾಡಿದರೆ ಅವನ ಸೇತುವೆಗಳನ್ನು ಇವಳು ಕಾಯುತ್ತಿದ್ದಳು.

ಈಗ ಎಲ್ಲಕ್ಕೂ ಬೀಗ.

ರೋಬೋಟ್ ಮೂರು ಬಟನ್ ತೋರಿಸಿತು. ಮೊದಲನೆಯದು, "ಪಾಸ್‌ವರ್ಡ್ ಮರೆತಿದ್ದೇನೆ." ಎರಡನೆಯದು, "ನನ್ನ ಅನುಮತಿ ಇಲ್ಲದೆ ಬೇರೆಯವರು ನನ್ನ ಅಕೌಂಟ್ ಬಳಸಿದ್ದಾರೆ." ಮೂರನೆಯದು, "ಇತರೆ."

ಅಶ್ಮಿತಾ ಮೂರನೆಯದನ್ನು ಒತ್ತಿದಳು. ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಎಂದು ಹೇಳಿ, ರೋಬೋಟ್ ಮತ್ತೆ ಅದೇ ಮೂರು ಬಟನ್ ತೋರಿಸಿತು. ಪುನಃ ಒತ್ತಿದಳು. ಪುನಃ ಅದೇ.

ಅವಳು ಎರಡನೆಯದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತಳು. ಆಮೇಲೆ ಒತ್ತಿಬಿಟ್ಟಳು.

ರೋಬೋಟಿನ ಮಾತೇ ಬದಲಾಯಿತು. ತಿಳಿಸಿದ್ದಕ್ಕೆ ಧನ್ಯವಾದ ಎಂದಿತು. ತನಿಖೆ ಮಾಡುತ್ತೇವೆ, ನಮ್ಮವರು ನಿಮಗೆ ಕರೆ ಮಾಡುತ್ತಾರೆ ಎಂದಿತು. ಅಶ್ಮಿತಾ ಉಸಿರು ಬಿಟ್ಟಳು. ಮನುಷ್ಯರು ಫೋನ್ ಮಾಡಲಿ, ಆಗ ಎಲ್ಲ ಹೇಳಿದರಾಯಿತು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮೊದಲೇ ಅಕ್ಷಿತನ ಫೋನು ಬಂತು.

"ಅರೇ ಯಾರ್, ನನ್ ಫೋನಲ್ಲಿ ಗೇಮೇ ಓಪನ್ ಆಗ್ತಿಲ್ಲ. ಪೂರಾ ಲಾಲ್ ಸ್ಕ್ರೀನ್. ಈ ಫೋನು ಬ್ಲಾಕ್ ಆಗಿದೆ ಅಂತ ಬರ್ತಿದೆ. ನಿಂದು?"

"ನಂದೂ ಬಂದ್," ಎಂದಳು ಅಶ್ಮಿತಾ.

ಅದು ನಿಜವೇ. ಆದರೆ ಇವಳದು ಬೂದು ಪರದೆ, ಅವನದು ಕೆಂಪು. ಅದನ್ನು ಅವಳು ಹೇಳಲಿಲ್ಲ. ಅದರ ಬದಲು ಕಂಪನಿಯನ್ನು ಬೈದಳು. ಬೈಯುವುದಕ್ಕೆ ಅವಳ ಹತ್ತಿರ ಬೇಕಾದಷ್ಟಿತ್ತು. ಆಟದ ರತ್ನ ಕೊಳ್ಳುತ್ತೇವೆ ಎಂದರೆ ಅವರ ಅಂಗಡಿ ಚಿಟಿಕೆ ಹೊಡೆಯುವುದರೊಳಗೆ ತೆರೆಯುತ್ತದೆ, ದೂರು ಹೇಳಲು ಹೋದರೆ ಬಾಗಿಲೇ ಸಿಗುವುದಿಲ್ಲ. ಅಕೌಂಟ್ ಮುಚ್ಚಿದ ಮೇಲೂ "ಹೊಸ ಹಾಯಿ ಬಂದಿದೆ, ಇವತ್ತು ಮಾತ್ರ ಅರ್ಧ ಬೆಲೆ" ಎಂದು ಮೆಸೇಜ್ ಕಳಿಸುತ್ತಾರೆ. ದೋಣಿ ಕಿತ್ತುಕೊಂಡು ಹಾಯಿ ಮಾರುವವರು ಅವರು. ಅಕ್ಷಿತ್ ಎಲ್ಲಕ್ಕೂ ಹೂಂ ಹೂಂ ಎಂದ.

ಆ ಮಧ್ಯಾಹ್ನ ಹೋಟೆಲಿನಲ್ಲಿ ಒಬ್ಬ ಗಿರಾಕಿ ಕಾಫಿ ತಣ್ಣಗಿದೆ ಎಂದು ಗಲ್ಲಾದವರೆಗೆ ಬಂದು ದೂರಿದರು. ಗಲ್ಲಾದಲ್ಲಿ ಹಣ ತೆಗೆದುಕೊಳ್ಳುತ್ತಾ ಕೂತಿದ್ದ ಪಪ್ಪ, ಗುಣಪಾಲ ಶೆಟ್ಟರು, ಎದ್ದು ನಿಂತು ಕೇಳಿಸಿಕೊಂಡರು. "ಮುಂಡಪ್ಪಣ್ಣ, ಇವರಿಗೆ ಬೇರೆ ಕೊಡಿ," ಎಂದರು. ಅಷ್ಟೇ.

ಅಶ್ಮಿತಾ ಹತ್ತಿರ ಹೋಗಿ ಪಿಸುಗುಟ್ಟಿದಳು. ಆ ಅಂಕಲ್ ಕಾಫಿ ಮುಂದಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಾ ತಾವೇ ತಣ್ಣಗೆ ಮಾಡಿಕೊಂಡದ್ದು. ಅವಳು ನೋಡಿದ್ದಳು.

"ನಾನೂ ನೋಡಿದ್ದೇನೆ," ಎಂದರು ಪಪ್ಪ. "ಆದ್ರೆ ಮನುಷ್ಯ ಎದ್ದು ಬಂದು ಹೇಳುವಾಗ ಕೇಳ್ಬೇಕಲ್ಲ. ನಿಮ್ಮ ಬೇಸರ ಅರ್ಥ ಆಗ್ತದೆ ಅಂತ ಒಂದು ಬೋರ್ಡು ತೋರಿಸಿದ್ರೆ, ಆ ಕಾಫಿ ನನ್ನ ತಲೆ ಮೇಲೆ ಬೀಳ್ತದೆ."

ಹೊಸ ಕಾಫಿ ಹಿಡಿದು ಹೋಗುತ್ತಿದ್ದ ಮುಂಡಪ್ಪಣ್ಣ ನಿಂತರು. ಮೂವತ್ತು ವರ್ಷದಿಂದ ಬಡಿಸುತ್ತಿದ್ದ ಅವರಿಗೂ ಅಶ್ಮಿತಾಳ ಗೇಮಿನ ಕತೆಯೆಲ್ಲ ಗೊತ್ತಿತ್ತು. "ನಿನ್ನ ಕಂಪನಿಯವರಿಗೆ ಗಲ್ಲಾ ಉಂಟು ಮಾರಾಯ್ತಿ, ಗಲ್ಲಾದಲ್ಲಿ ಕೂರ್ಲಿಕ್ಕೆ ಜನ ಇಲ್ಲ."

ಅಶ್ಮಿತಾ ನಕ್ಕಳು. ಪಪ್ಪ ನಗುತ್ತಲೇ ಕೇಳಿದರು, "ಅವರು ಕೇಳುವುದಿಲ್ಲ, ಸರಿ. ನೀನು ಅವರಿಗೆ ಎಂತ ಹೇಳಿದ್ದು?"

"ಎಲ್ಲಾ ಹೇಳಿದ್ದೇನೆ," ಎಂದು ಅವಳು ಚೀಲ ಎತ್ತಿಕೊಂಡು ಹಿಂದಿನ ಟೇಬಲಿಗೆ ಹೋದಳು.

ಕರೆ ಬಂದದ್ದು ಗುರುವಾರ, ಅದೇ ಟೇಬಲಿನಲ್ಲಿ. ಸತ್ಯಮ್ಮ ಅವರ ಹತ್ತಿರ ಮಾತಾಡಬೇಕಿತ್ತು ಎಂದು ಒಬ್ಬ ಹೆಂಗಸಿನ ದನಿ ಹಿಂದಿಯಲ್ಲಿ ಕೇಳಿತು. ಗೇಮ್ ಕಂಪನಿಯಿಂದ, ಹೆಸರು ನಿಶಾ ಎಂದಳು. ಅಶ್ಮಿತಾ ಸ್ಪೀಕರ್ ಒತ್ತಿ ಫೋನನ್ನು ಕರಿಬೇವಿನ ತಟ್ಟೆಯ ಪಕ್ಕ ಇಟ್ಟಳು.

ಅಜ್ಜಿಗೆ ಬರುತ್ತಿದ್ದದ್ದು ಬಾಂಬೆ ಹಿಂದಿ. "ಬೇಟಿ, ಖಾನಾ ಹುವಾ?"

ಊಟ ಇನ್ನೂ ಆಗಿಲ್ಲ ಆಂಟಿ, ಈ ಕಾಲ್ ಮುಗಿದ ಮೇಲೆ ಎಂದಳು ನಿಶಾ. ಆಮೇಲೆ ಹುಟ್ಟಿದ ದಿನ ಕೇಳಿದಳು. ಅಜ್ಜಿಗೆ ತಮ್ಮ ಹುಟ್ಟಿದ ದಿನ ಗೊತ್ತಿಲ್ಲ. ಅವರು ಹುಟ್ಟಿದಾಗ ಗದ್ದೆಯಲ್ಲಿ ಭತ್ತದ ನಟ್ಟಿಯ ಕೆಲಸ ನಡೆಯುತ್ತಿತ್ತಂತೆ, ಅಷ್ಟೇ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದು ಹಾಕಿದ್ದರು. ಅಶ್ಮಿತಾ ದನಿ ಇಲ್ಲದೆ ಬಾಯಿ ಆಡಿಸಿ ತೋರಿಸಿದಳು, ಅಜ್ಜಿ ಅದನ್ನೇ ಹೇಳಿದರು.

ಸರಿ, ಹೊಂದುತ್ತದೆ ಎಂದಳು ನಿಶಾ. ಟಿಟ್ವಾಳಾದ ಒಂದು ಫೋನಿನಿಂದ ಯಾರೋ ನಿಮ್ಮ ಅಕೌಂಟ್ ಕದ್ದು ಬಳಸಿದ್ದಾರೆ ಎಂದು ನೀವು ದೂರು ಕೊಟ್ಟಿದ್ದೀರಿ, ಆ ಫೋನನ್ನು ನಾವು ಬ್ಲಾಕ್ ಮಾಡಿದ್ದೇವೆ ಎಂದಳು. ನೀವು ಒಮ್ಮೆ ಹೌದು ಎಂದರೆ ಸಾಕು, ನಿಮ್ಮ ಅಕೌಂಟ್ ಇವತ್ತೇ ತೆರೆಯುತ್ತದೆ.

ಅಜ್ಜಿಯ ಕೈ ಎಲೆಯ ಮೇಲೆ ನಿಂತಿತು. "ಟಿಟ್ವಾಳಾದಲ್ಲಿ ನಮ್ಮ ಅಕ್ಷಿತ್ ಅಲ್ವಾ ಇರುವುದು?" ಎಂದು ಕನ್ನಡದಲ್ಲಿ ಕೇಳಿದರು. ಕೇಳಿದ್ದು ಫೋನನ್ನಲ್ಲ, ಅಶ್ಮಿತಾಳನ್ನು.

ಅಶ್ಮಿತಾ ಟೇಬಲ್ ನೋಡಿದಳು.

ಆ ಫೋನಿನಿಂದಲೂ ಒಂದು ದೂರು ಬಂದಿದೆ, ಆಂಟಿ, ಎಂದಳು ನಿಶಾ. ಓದುತ್ತೇನೆ ಎಂದು ಓದಿದಳು. ಅಕ್ಷಿತ್ ಅದನ್ನು ಹಿಂದಿಯಲ್ಲಿ ಬರೆದಿದ್ದ. ಆದರೂ ಅಶ್ಮಿತಾಳಿಗೆ ಅವನದೇ ದನಿ ಕೇಳಿಸಿತು.

"ನಮ್ಮ ಐಲ್ಯಾಂಡಿಗೆ ಯಾರೋ ಕಳ್ಳ ನುಗ್ಗಿದ್ದಾನೆ. ಬಂದರು ಅಶ್ಮಿತಾಳದು. ಅವಳ ಅರ್ಧ ಮೊದಲು ಅವಳಿಗೆ ವಾಪಸ್ ಕೊಡಿ. ನಂದು ಆಮೇಲೆ ನೋಡಿ."

ಅಡುಗೆಮನೆಯಲ್ಲಿ ಯಾರೋ ಪಾತ್ರೆ ಕೆಳಗಿಟ್ಟರು. ಅಜ್ಜಿ ಬೈಯಲಿಲ್ಲ. ಫೋನನ್ನು ಮೆಲ್ಲಗೆ ಅಶ್ಮಿತಾಳ ಕಡೆ ತಳ್ಳಿದರು.

ಹೌದು ಎಂದರೆ ಬಂದರು ಇವತ್ತೇ ಸಿಗುತ್ತದೆ. ಸೇತುವೆಗಳೂ ಸಿಗುತ್ತವೆ. ಪಾಸ್‌ವರ್ಡ್ ಬದಲಿಸಿ, ಆಮೇಲೆ ಹೇಗಾದರೂ ಅಕ್ಷಿತನಿಗೆ ಹೇಳಬಹುದು. ಹೇಗೆ ಹೇಳುವುದು ಎಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

"ದೀದಿ," ಎಂದಳು. "ಕಳ್ಳ ಯಾರೂ ಇಲ್ಲ. ಅದು ನನ್ನ ಅಣ್ಣನ ಫೋನು. ನಾವಿಬ್ಬರೂ ಆಡ್ತೇವೆ. ನಾನೇ ಆ ಬಟನ್ ಒತ್ತಿದ್ದು."

ಆ ಕಡೆಯಿಂದ ಟೈಪ್ ಮಾಡುವ ಸದ್ದು ಕೇಳಿತು, ನಿಂತಿತು. ನಿಶಾಳ ದನಿ ಈಗ ಮೊದಲಿಗಿಂತ ತಗ್ಗಿತ್ತು. ಅಣ್ಣನ ಫೋನಿನ ಮೇಲಿನ ಬ್ಲಾಕ್ ಈಗಲೇ ತೆಗೆಯುತ್ತೇನೆ ಎಂದಳು. ಆದರೆ ಒಂದು ಅಕೌಂಟಿಗೆ ಒಬ್ಬರೇ ಆಟಗಾರರು ಎನ್ನುವುದು ಕಂಪನಿಯ ರೂಲು. ಇಬ್ಬರು ಆಡಿದ್ದೇವೆ ಎಂದು ಒಪ್ಪಿಕೊಂಡ ಮೇಲೆ ದ್ವೀಪ ವಾಪಸ್ ಬರುವುದಿಲ್ಲ.

"ಸುಳ್ಳು ಹೇಳಿದ್ರೆ ಕೊಡ್ತಿದ್ರಿ," ಎಂದಳು ಅಶ್ಮಿತಾ.

"ಹಾಂ, ಬೇಟಾ."

"ಇದು ಸರಿ ಇಲ್ಲ."

"ಗೊತ್ತು," ಎಂದಳು ನಿಶಾ. "ನನ್ನ ಸ್ಕ್ರೀನಿನಲ್ಲೂ ಬಟನ್‌ಗಳೇ ಇರೋದು. ನೀನು ಹೇಳಿದ್ದನ್ನೆಲ್ಲ ಬರೆದು ಮೇಲಿನವರಿಗೆ ಕಳಿಸ್ತೀನಿ. ಅವರು ಓದ್ತಾರೆ ಅಂತ ಮಾತ್ರ ನಾನು ಹೇಳೋದಿಲ್ಲ."

ಕರೆ ಮುಗಿದ ಕೂಡಲೇ ಒಂದು ಮೆಸೇಜ್ ಬಂತು. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಅಶ್ಮಿತಾ ಒಂದು ಸ್ಟಾರಿನ ಮೇಲೆ ಬೆರಳಿಟ್ಟಳು.

"ಅದು ಯಾರಿಗೆ ಹೋಗುವುದು? ಕಂಪನಿಗಾ, ಆ ಹುಡುಗಿಗಾ?" ಅಜ್ಜಿ ಕೇಳಿದರು.

ಅಶ್ಮಿತಾಳಿಗೆ ಅದು ಗೊತ್ತಿರಲಿಲ್ಲ. ಮೆಸೇಜನ್ನು ಅವಳು ಹಾಗೇ ಬಿಟ್ಟಳು.

ಅಕ್ಷಿತ್ ಶಾಲೆಯಿಂದ ಬರುವ ಹೊತ್ತಿಗೆ ಹೋಟೆಲು ತುಂಬಿತ್ತು. ಅಶ್ಮಿತಾ ಫೋನು ಹಿಡಿದು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಳು. ಅವನೇ ಮೊದಲು ಮಾತಾಡಿದ, ಖುಷಿಯಲ್ಲಿದ್ದ. ಕೆಂಪು ಸ್ಕ್ರೀನ್ ಹೋಗಿದೆ, ನನ್ನ ಕಂಪ್ಲೇಂಟ್ ಕೆಲಸ ಮಾಡಿತು ಎಂದ. ಕಳ್ಳ ಸಿಕ್ಕಿಬಿದ್ದಿರಬೇಕು ಎಂದ.

"ಕಳ್ಳ ಇರ್ಲಿಲ್ಲ," ಎಂದಳು ಅಶ್ಮಿತಾ.

ಅವಳು ಮೊದಲಿನಿಂದ ಹೇಳಿದಳು. ಮೂರು ಬಟನ್, ತಾನು ಒತ್ತಿದ್ದು, ನಿಶಾಳ ಕರೆ, ದ್ವೀಪ ಇನ್ನು ಬರುವುದಿಲ್ಲ ಎನ್ನುವುದು. ಕಂಪನಿಯನ್ನು ಬೈಯಲು ನಡುವೆ ಒಂದೆರಡು ಕಡೆ ಜಾಗ ಸಿಕ್ಕಿತ್ತು. ಬೈಯಲಿಲ್ಲ.

ಅಕ್ಷಿತ್ ಹೂಂ ಎನ್ನಲಿಲ್ಲ. ಆಮೇಲೆ ಕೇಳಿದ, "ಬಟನ್ ಒತ್ತುವಾಗ ಅದು ನಾನೇ ಅಂತ ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಅವನ ಮನೆಯಲ್ಲಿ ಕುಕ್ಕರ್ ಕೂಗಿತು. ಚಿಕ್ಕಮ್ಮ ಏನೋ ಕರೆದು ಹೇಳಿದರು. ಅಶ್ಮಿತಾಳ ಬಾಯಿಗೆ ಮಾತುಗಳು ಬಂದವು. ರೋಬೋಟ್ ಬೇರೆ ದಾರಿ ಬಿಟ್ಟಿರಲಿಲ್ಲ. ಅವನ ಫೋನು ಬ್ಲಾಕ್ ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡೂ ನಿಜ. ಎರಡನ್ನೂ ಅವಳು ಹೇಳಲಿಲ್ಲ.

ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಳು. ಅವನೂ ಕಟ್ ಮಾಡಿರಲಿಲ್ಲ, ಉಸಿರು ಕೇಳುತ್ತಿತ್ತು. ಒಳಗಿನಿಂದ ಮುಂಡಪ್ಪಣ್ಣ ಅವಳಿಗೊಂದು ಲೋಟ ಹಾಲು ತಂದು ಮೆಟ್ಟಿಲ ಮೇಲಿಟ್ಟು ಹೋದರು. ಹಾಲಿನ ಮೇಲೆ ಕೆನೆ ಕಟ್ಟತೊಡಗಿತು. ಈಗ ಮಾತಾಡುವ ಸರದಿ ಅಕ್ಷಿತನದು. ಅವನು ಎಷ್ಟು ಹೊತ್ತು ತೆಗೆದುಕೊಂಡರೂ ಸರಿ, ಅವಳು ಕಾಯುತ್ತಾಳೆ.