ಕಾರಿನಲ್ಲೇ ಉಳಿದ ಸ್ಕ್ರೂ ಚೀಲ

ಭಾನುವಾರದೊಳಗೆ ಸೂರು ಸರಿಯಾಗದಿದ್ದರೆ ಚಳಿಗಾಲ ಪೂರ್ತಿ ಹಟ್‌ಗೆ ಬೀಗ. ನ್ಯಾಷನಲ್ ಪಾರ್ಕಿನವರು ಹೇಳಿದ್ದು ಅಷ್ಟೇ. ಮೆಲ್ಬರ್ನ್‌ನಿಂದ ಅರ್ಧ ದಿನದ ದಾರಿಯ ಆ ಬೆಟ್ಟಸಾಲಿನಲ್ಲಿ ಹಿಮಗಾಳಿಗೆ ಸಿಕ್ಕಿಬಿದ್ದವರಿಗೆ ಆಸರೆ ಎಂದರೆ ಆ ಮರದ ಮನೆಯೊಂದೇ. ಮೊನ್ನೆಯ ಬಿರುಗಾಳಿ ಅದರ ತಗಡನ್ನು ಒಂದು ಮೂಲೆಯಲ್ಲಿ ಕಿತ್ತೆಬ್ಬಿಸಿತ್ತು.

ರಿಪೇರಿಗೆ ಹೊರಟ ಸ್ವಯಂಸೇವಕರು ಮೂವರು: ಮೆಲ್ಬರ್ನ್‌ನ ಬಡಾವಣೆ ಕ್ಲೇಟನ್ನಿನ ನರ್ಸ್ ನೀಲಾಂಬಿಕಾ, ಅವಳ ಗಂಡ ಗುರುಬಸವ, ಮೈಸೂರು ಕಡೆಯ ನಿವೃತ್ತ ಎಂಜಿನಿಯರ್ ತ್ರಿವಿಕ್ರಮ. ವಾರವಿಡೀ ಡ್ಯೂಟಿ ಮಾಡಿ ಹೈರಾಣಾಗಿದ್ದ ನೀಲಾಂಬಿಕಾಳಿಗೆ ಶನಿವಾರ ಬೆಳಿಗ್ಗೆ ಕಾರನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಏರು ಹತ್ತುವಾಗಲೇ ಕಾಲು ಸೋತಿದ್ದವು. ಹಳೆಯ ಕಾಡ್ಗಿಚ್ಚಿನಲ್ಲಿ ಬೆಂದು ಬಿಳುಪೇರಿದ ಸ್ನೋ ಗಮ್ ಮರಗಳು ಇಳಿಜಾರಿನುದ್ದಕ್ಕೂ ಬೋಳಾಗಿ ನಿಂತಿದ್ದವು. ಬುಡದಲ್ಲಿ ಹೊಸ ಚಿಗುರು ಮೊಣಕಾಲೆತ್ತರ ಬಂದಿತ್ತು. ಆಚೆ ಬೆಟ್ಟದ ಹಿಂದೆ ಬೆಟ್ಟ, ಎಲ್ಲದರ ಮೇಲೂ ಮಾಸಿದ ಮೋಡ.

ಹಟ್ ತಲುಪಿದ ಕೂಡಲೇ ತ್ರಿವಿಕ್ರಮ ಅಲ್ಲೇ ಇದ್ದ ಏಣಿ ಹತ್ತಿ ಕೈ ಚಾಚಿದರು. "ಸ್ಕ್ರೂ ಕೊಡಪ್ಪಾ."

ಗುರುಬಸವ ಬ್ಯಾಗಿಗೆ ಕೈ ಹಾಕಿದ. ರೊಟ್ಟಿಯ ಡಬ್ಬಿ ಬಂತು. ಶೇಂಗಾ ಚಟ್ನಿ ಬಂತು. ಗುರೆಳ್ಳು ಚಟ್ನಿಯೂ ಬಂತು. ಸ್ಕ್ರೂ ಬರಲಿಲ್ಲ.

"ಚೀಲ ಎಲ್ಲೈತ್ರೀ?" ನೀಲಾಂಬಿಕಾ ಕೇಳಿದಳು.

"ಕಾರ್‌ನ್ಯಾಗ... ರೊಟ್ಟಿ ಮುರೀತಾವಂತ ತಗದಿಟ್ಟೆ. ಮತ್ತ ಹಾಕೋದು ಮರ್ತೆ."

ಬುತ್ತಿಯಿಲ್ಲದೆ ಊರ ಗಡಿ ದಾಟದ ಮನೆತನ ಅವನದು. ಸೂರು ಹಾರಿಹೋದರೂ ಸರಿಯೇ, ರೊಟ್ಟಿ ಮಾತ್ರ ಚೂರಾಗಬಾರದು! ನೀಲಾಂಬಿಕಾಳಿಗೆ ಮೈಯೆಲ್ಲ ಉರಿಯಿತು. ಗಂಡನ ಮೊಣಕಾಲು ಆಗಲೇ ಊದಿತ್ತು. ತ್ರಿವಿಕ್ರಮರಿಗೆ ಎಪ್ಪತ್ತು ದಾಟಿತ್ತು. ಹೋಗಬೇಕಾದವಳು ಅವಳೇ.

"ಒಬ್ಬಳೇ ಬೇಡಮ್ಮ, ಸಂಜೆ ಹಿಮ ಅಂತಿದೆ ಫೋರ್‌ಕಾಸ್ಟು," ಎಂದರು ತ್ರಿವಿಕ್ರಮ.

"ನಾಳೆ ಬೀಗ ಹಾಕ್ತಾರ್ರಿ ಸರ್. ತಗಡಿಗೆ ಹಗ್ಗ ಕಟ್ಟಿಡ್ರಿ, ಬಂದೆ."

ಇಳಿದಳು. ಚೀಲ ಸಿಕ್ಕಿತು. ತಿರುಗಿ ಏರುವಾಗ ಹಿಮ ಶುರುವಾಯಿತು.

ಬೆಟ್ಟದ ನೆತ್ತಿಯಲ್ಲಿ ಗಾಳಿ ಅವಳನ್ನು ಪಕ್ಕಕ್ಕೆ ದೂಡಿತು. ಬಿದ್ದಳು. ಎದ್ದಳು. ಕಾಲುದಾರಿ ಬಿಳಿಯಾಗಿ ಅಳಿಸಿಹೋಯಿತು. ದಾರಿಗುರುತಿನ ಕಂಬದಿಂದ ಕಂಬಕ್ಕೆ ಕಣ್ಣು ನೆಟ್ಟು ನಡೆದಳು.

ಮುಂದಿನ ಕಂಬ ಕಾಣಲೇ ಇಲ್ಲ.

ನಿಂತಳು. ಅಳು ಬಂತು. ಎಡಗಡೆಯಿಂದ ಟಣ್ ಟಣ್ ಎಂಬ ಸದ್ದು ಕೇಳಿತು. ಗುರುಬಸವ ಹಟ್‌ನ ಬಾಗಿಲಲ್ಲಿ ನಿಂತು ಪಾತ್ರೆ ಬಡಿಯುತ್ತಿದ್ದ. ಆ ಸದ್ದು ಹಿಡಿದೇ ಬಂದಳು. ಬೈಯಬೇಕೆಂದಿದ್ದವಳು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಬೆಳಕು ಆರುವಷ್ಟರಲ್ಲಿ ಕೊನೆಯ ಸ್ಕ್ರೂ ಬಿಗಿಯಾಯಿತು.

ಒಲೆ ಹೊತ್ತಿಸುವಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ಚಾರಣಕ್ಕೆ ಬಂದು ತೊಯ್ದು ತೊಪ್ಪೆಯಾದ ಇಬ್ಬರು ಹುಡುಗಿಯರು, ತುಟಿ ನೀಲಿಗಟ್ಟಿ, ಮಾತು ತೊದಲುತ್ತ ಒಳಗೆ ಬಂದರು. ನೀಲಾಂಬಿಕಾ ಅವರ ಒದ್ದೆ ಬಟ್ಟೆ ತೆಗೆಸಿ, ತನ್ನ ಸ್ಲೀಪಿಂಗ್ ಬ್ಯಾಗನ್ನೂ ಹೊದಿಸಿ, ಆಗ ತಾನೇ ತಗಡು ಬಿಗಿದ ಮೂಲೆಯ ಮಂಚದಲ್ಲಿ ಮಲಗಿಸಿದಳು.

ನಡುಕ ನಿಂತ ಮೇಲೆ ಒಬ್ಬಳು ಸೂರು ನೋಡುತ್ತ, ಈ ಹಟ್ ಯಾವಾಗಲೂ ಹೀಗೆ ಬೆಚ್ಚಗಿರುತ್ತದಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಆಲ್ವೇಸ್," ಎಂದ ಗುರುಬಸವ, ಹೆಂಡತಿಯ ಮುಖ ನೋಡದೆ.

ನೀಲಾಂಬಿಕಾಳಿಗೆ ನಗಲೂ ತ್ರಾಣವಿರಲಿಲ್ಲ. ನಾಳೆ ಈ ಬಾಗಿಲಿಗೆ ಬೀಗ ಬೀಳುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಗೋಡೆಗೊರಗಿ, ಕೂತಲ್ಲೇ ನಿದ್ದೆಹೋದಳು.