ಸೊನ್ನೆ ಇಟ್ಟವಳು

“ಈ ರಿಪೋರ್ಟ್ ಮಾಡಿದ್ದು ಯಾರು?”

ಅಶ್ಮಿತಾ ತಲೆ ಎತ್ತಿದಳು. ಎದುರಿಗೆ ಕಾಗದಗಳ ಕಟ್ಟು ಹಿಡಿದು ನಿಂತಿದ್ದವನು ಅಂದೇ ಕೆಲಸಕ್ಕೆ ಸೇರಿದ ನೆಟ್‌ವರ್ಕ್ ಇಂಜಿನಿಯರ್ ಹರ್ಷಿತ್.

“ನಾನು. ಎಂತ ಆಯ್ತು?”

“ಒಂದು ಅಡ್ರೆಸ್ ಉದ್ದ, ಒಂದು ಗಿಡ್ಡ. ಓದ್ಲಿಕ್ಕೆ ಹೋದ್ರೆ ಕಣ್ಣು ತಿರುಗ್ತದೆ.”

ಎಷ್ಟು ಸೊಕ್ಕು ಇವನಿಗೆ! ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆ ಗೋದಾಮು ಕಂಪನಿಯಲ್ಲಿ ಎರಡು ವರ್ಷದಿಂದ ಪ್ರೋಗ್ರಾಮ್ ಬರೆಯುತ್ತಿದ್ದವಳನ್ನು ಯಾರೂ ಹೀಗೆ ಕೇಳಿರಲಿಲ್ಲ.

ಸರ್ವರಿನ ಯಾವ ಫೈಲನ್ನು ಯಾವ ಕಂಪ್ಯೂಟರ್ ತೆರೆಯಿತೆಂದು ತೋರಿಸುವ ರಿಪೋರ್ಟ್ ಅದು. ಅಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ಅಡ್ರೆಸ್. ಮೊದಲ ಮೂರು ಭಾಗ ಎಲ್ಲರಿಗೂ ಒಂದೇ, 192.168.110. ಕೊನೆಯ ಭಾಗ ಮಾತ್ರ ಅವರವರದು. ಹಟಕ್ಕೆ ಬಿದ್ದ ಅಶ್ಮಿತಾ ಅಂದೇ ಸಂಜೆ ಆ ಕೊನೆಯ ಭಾಗದ ಎಡಕ್ಕೆ ಸೊನ್ನೆ ಇಟ್ಟಳು. 45 ಇದ್ದದ್ದು 045 ಆಯಿತು, 37 ಇದ್ದದ್ದು 037. ಸಾಲುಗಳು ನೆಟ್ಟಗೆ ನಿಂತವು.

ಮರುದಿನ ಹರ್ಷಿತ್ ಎರಡು ಕರಕ್ ಚಹಾ ಹಿಡಿದು ಬಂದ. ರಿಪೋರ್ಟ್ ಈಗ ಚಂದ ಉಂಟು ಎಂದ, ನಿನ್ನೆ ಮಾತು ಜಾಸ್ತಿಯಾಯಿತು ಎಂದೂ ಹೇಳಿದ. ಅವಳ ಸಿಟ್ಟು ಇಳಿಯಲು ಅಷ್ಟು ಸಾಕಾಯಿತು.

ಆ ಸೊನ್ನೆಯೇ ಅವನ ಕುತ್ತಿಗೆಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ ಪಾಪ...

* * *

ಚಳಿಗಾಲ ಬರುವಷ್ಟರಲ್ಲಿ ಅವರ ಪ್ರೀತಿ ಆಫೀಸಿಗೆಲ್ಲ ಗೊತ್ತಾಗಿತ್ತು. ಶುಕ್ರವಾರದ ರಜೆ ಬಂತೆಂದರೆ ಅವನು ಅವಳ ಮನೆ ಹತ್ತಿರದ ಅಲ್ ಕುಸೈಸ್ ಮೆಟ್ರೋ ನಿಲ್ದಾಣದ ಕೆಳಗೆ ಕಾಯುತ್ತಿದ್ದ. ಮದುವೆಯ ಮಾತನ್ನು ಊರಿಗೆ ಹೇಗೆ ತಿಳಿಸುವುದು ಎಂಬುದೊಂದೇ ಅವರ ಚಿಂತೆಯಾಗಿತ್ತು.

ಅಷ್ಟರಲ್ಲಿ ಕಂಪನಿಯ ರಹಸ್ಯ ದರಪಟ್ಟಿಗಳು ಎದುರಾಳಿ ಕಂಪನಿಯ ಕೈ ಸೇರಿದವು. ಯಾರೋ ಒಳಗಿನವರೇ ಫೈಲ್ ತೆಗೆದು ಕಳಿಸಿದ್ದರು.

ಮ್ಯಾನೇಜರ್ ಪುರಂದರ ಅವಳನ್ನು ಕ್ಯಾಬಿನ್ನಿಗೆ ಕರೆದರು. ಉಡುಪಿಯವರು. ಅವಳ ವೀಸಾ ಮಾಡಿಸಿಕೊಟ್ಟವರು, ಫ್ಲಾಟ್ ಹುಡುಕಿಕೊಟ್ಟವರು, ಎಲ್ಲರ ಬಾಯಲ್ಲೂ ಪುರಂದರಣ್ಣ. ಅವಳದೇ ರಿಪೋರ್ಟನ್ನು ಅವಳ ಮುಂದೆ ಸರಿಸಿದರು.

“ಫೈಲ್ ತೆಗೆದ ಮೆಷಿನ್ ಮೂವತ್ತೇಳು. ಯಾರದ್ದು ಅಂತ ನಿನಗೆ ಗೊತ್ತುಂಟಲ್ಲ ಮಗಾ?”

ಗೊತ್ತಿತ್ತು. ಅದು ಹರ್ಷಿತ್‌ನ ಕಂಪ್ಯೂಟರ್.

ಹರ್ಷಿತ್ ಬಂದು ನಿಂತಾಗ ಪುರಂದರ ಏನೂ ಕೂಗಾಡಲಿಲ್ಲ. ಭಾನುವಾರ ಪೊಲೀಸರಿಗೆ ದೂರು ಕೊಡುವುದಾಗಿ ಮೆತ್ತಗೆ ಹೇಳಿದರು. ಎಲ್ಲರ ಪಾಸ್‌ಪೋರ್ಟೂ ಅವರ ಕಪಾಟಿನಲ್ಲೇ ಇತ್ತು. ಕೇಸಾದರೆ ಜೈಲು, ಆಮೇಲೆ ಗಡೀಪಾರು. ಗಲ್ಫಿನ ಬಾಗಿಲು ಜೀವಮಾನಕ್ಕೆ ಮುಚ್ಚಿದಂತೆ.

ಹರ್ಷಿತ್ ಅವರನ್ನು ನೋಡಲೇ ಇಲ್ಲ. ಅವಳನ್ನು ನೋಡಿದ.

“ನೀನು ಹೇಳು ಅಶ್ಮಿ. ನಾನು ಮಾಡಿದ್ದೇನಾ?”

ಇಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಆದರೆ ಕಣ್ಣು ಕಾಗದದ ಮೇಲಿತ್ತು. ಅವಳೇ ಬರೆದ ಪ್ರೋಗ್ರಾಮ್... ಅದಕ್ಕೆ ಅವನ ಮೇಲೆ ಯಾವ ದ್ವೇಷ?

“ಪ್ರೋಗ್ರಾಮ್ ಸುಳ್ಳು ಹೇಳ್ತದಾ ಹರ್ಷಿತ್?”

ಅವನು ಮತ್ತೇನೂ ಕೇಳದೆ ಹೊರಟುಹೋದ.

* * *

ಗುರುವಾರ ಮಧ್ಯಾಹ್ನ. ಶುಕ್ರ, ಶನಿ ಎರಡು ದಿನದ ವಾರದ ರಜೆಗೆಂದು ಆಫೀಸು ಖಾಲಿಯಾಗುತ್ತಿತ್ತು. ಅಶ್ಮಿತಾ ಮಾತ್ರ ಎದ್ದಿರಲಿಲ್ಲ.

ಅವನು ಮಾಡಿಲ್ಲ ಎಂಬ ಧೈರ್ಯ ಅವಳಿಗಿರಲಿಲ್ಲ. ಆದರೂ ತನ್ನ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಸಿಗಲಿ ಎಂದು ಸಾಲುಸಾಲನ್ನೂ ಓದುತ್ತಿದ್ದಳು.

ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ದರಪಟ್ಟಿಗಳಿದ್ದ ಸರ್ವರನ್ನು ದಿನವೂ ತೆರೆಯುವ ಅವಳ ಕಂಪ್ಯೂಟರ್, ಅಂದರೆ ಐವತ್ತೆಂಟು, ರಿಪೋರ್ಟಿನಲ್ಲಿ ಎಲ್ಲೂ ಇರಲಿಲ್ಲ! ಅದು ತಪ್ಪು ಅಡ್ರೆಸ್‌ಗಳ ಗುಂಪಿಗೆ ಬಿದ್ದಿತ್ತು. ಅಲ್ಲಿ ಬಿದ್ದದ್ದರಲ್ಲೆಲ್ಲ ಒಂದು ಎಂಟೋ ಒಂಬತ್ತೋ ಇತ್ತು.

ಎಂಟು... ಒಂಬತ್ತು... ಅವು ಮಾತ್ರ ಯಾಕೆ?

ಮರುಕ್ಷಣ ಅವಳಿಗೆ ಹೊಳೆಯಿತು.

ಅವಳು ಚಂದ ಮಾಡಿದ ಅಡ್ರೆಸ್‌ಗಳನ್ನು ಪರೀಕ್ಷಿಸಿ ಯಾವುದು ಯಾರದ್ದೆಂದು ಹೇಳುತ್ತಿದ್ದದ್ದು ಇನ್ನೊಂದು ಹಳೆಯ ಪ್ರೋಗ್ರಾಮ್. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಕಂಡರೆ ಅದು ಹತ್ತರ ಲೆಕ್ಕ ಬಿಟ್ಟು ಎಂಟರ ಲೆಕ್ಕ ಹಿಡಿಯುತ್ತಿತ್ತು. ಆ ಲೆಕ್ಕದಲ್ಲಿ ಎಂಟು, ಒಂಬತ್ತು ಎಂಬ ಅಂಕಿಗಳೇ ಇಲ್ಲ. 045 ಎಂದರೆ ನಾಲ್ಕು ಎಂಟಲ ಮೂವತ್ತೆರಡು, ಅದಕ್ಕೆ ಐದು. ಮೂವತ್ತೇಳು!

ಫೈಲ್ ತೆಗೆದದ್ದು ನಲವತ್ತೈದು. ಅದನ್ನು ಮೂವತ್ತೇಳು ಮಾಡಿದ್ದು ಅವಳು ಇಟ್ಟ ಸೊನ್ನೆ.

ನಲವತ್ತೈದು ಯಾರದ್ದೆಂದು ನೋಡಿದಳು. ಪುರಂದರಣ್ಣನ ಕ್ಯಾಬಿನ್.

“ಇನ್ನೂ ಹೊರಡ್ಲಿಲ್ವಾ ಮಗಾ?”

ಬಾಗಿಲಲ್ಲಿ ಅವರೇ ನಿಂತಿದ್ದರು, ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತ. ಗುರುವಾರ ಅವಳನ್ನು ಮನೆಗೆ ಬಿಡುವುದು ಅವರ ವಾಡಿಕೆ. ಬೇಡವೆಂದರೆ ಅನುಮಾನ ಬರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ದಾರಿಯುದ್ದಕ್ಕೂ ಅವರು ಊರಿನ ಸುದ್ದಿಯನ್ನೇ ಆಡಿದರು. ಅವಳ ಅಮ್ಮನ ಮಂಡಿನೋವು ವಿಚಾರಿಸಿದರು. ಅಲ್ ಕುಸೈಸ್ ಹತ್ತಿರ ಬಂದಾಗ ಕಾರು ನಿಧಾನವಾಯಿತು.

“ನಿನ್ನ ವೀಸಾ ಮುಂದಿನ ತಿಂಗಳು ಮುಗೀತದಲ್ಲ? ಸೈನ್ ನನ್ನದೇ ಬೇಕು. ಆ ರಿಪೋರ್ಟ್ ಇನ್ನು ಮುಟ್ಟುದು ಬೇಡ. ಖಲಾಸ್.”

ದನಿಯಲ್ಲಿ ಅದೇ ಅಕ್ಕರೆ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಇವರಿಗೆ ಗೊತ್ತು... ಎಲ್ಲ ಗೊತ್ತು!

* * *

ಭಾನುವಾರ ಬೆಳಿಗ್ಗೆ ಅವಳು ಆಫೀಸಿಗೆ ಹೋಗಲಿಲ್ಲ. ಅಬುಧಾಬಿಯ ಬಸ್ಸು ಹತ್ತಿದಳು.

ಬಸ್ಸು ದುಬೈ ದಾಟುವ ಮೊದಲೇ ಫೋನ್ ಬಡಿದುಕೊಳ್ಳತೊಡಗಿತು. ಪುರಂದರಣ್ಣ. ನಿಂತಿತು, ಮತ್ತೆ ಬಡಿಯಿತು. ಇಷ್ಟು ಹೊತ್ತಿಗೆ ಹರ್ಷಿತ್‌ನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರೆ?

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದ ಕಂಪನಿಯ ಹೆಡ್ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ವೆರೋನಿಕಾ ಮೇಡಂ ಮಾಲೀಕರ ಬಲಗೈ. ಅವರ ಮುಂದೆ ಲ್ಯಾಪ್‌ಟಾಪ್ ತೆರೆದು, ಸೊನ್ನೆ ತೆಗೆದು, ಅದೇ ರಿಪೋರ್ಟನ್ನು ಮತ್ತೆ ಓಡಿಸಿ ತೋರಿಸಿದಳು. ಮೂವತ್ತೇಳು ಇದ್ದಲ್ಲೆಲ್ಲ ನಲವತ್ತೈದು ಬಂತು.

ಮೇಡಂ ಹಳೆಯ ರಿಪೋರ್ಟನ್ನೂ ಹೊಸದನ್ನೂ ಸಾಲುಸಾಲಾಗಿ ಹೋಲಿಸಿ ನೋಡಿದರು.

“ತಪ್ಪು ನಿಂದು ಅಂತ ನೀನೇ ಹೇಳ್ತಾ ಇದ್ದಿ. ನಿನ್ನ ಕೆಲಸ ಉಳಿತದೆ ಅಂತ ನಾನು ಹೇಳುದಿಲ್ಲ.”

“ಬೇಡ ಮೇಡಂ. ಮೊದ್ಲು ಅಲ್ಲಿಗೆ ಫೋನ್ ಮಾಡಿ.”

ಅವರು ಫೋನ್ ಮಾಡಿದಾಗ ಪುರಂದರ ಪಾಸ್‌ಪೋರ್ಟ್ ಸಮೇತ ಹರ್ಷಿತ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಠಾಣೆಯ ದಾರಿಯಲ್ಲಿದ್ದರು. ಮಾಲೀಕರು ಇಬ್ಬರನ್ನೂ ಕರೆಯುತ್ತಿದ್ದಾರೆಂದು ಮೇಡಂ ಗಟ್ಟಿಯಾಗಿ ಹೇಳಿದ ಮೇಲೆ ಕಾರು ಅಬುಧಾಬಿಗೆ ತಿರುಗಿತು.

* * *

ಪುರಂದರ ಮಾಲೀಕರ ಕೋಣೆಯಿಂದ ಸಂಜೆಯವರೆಗೂ ಹೊರಗೆ ಬರಲಿಲ್ಲ. ಅವಳ ವೀಸಾದ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಹರ್ಷಿತ್ ಮಾತ್ರ ಪಾಸ್‌ಪೋರ್ಟ್ ಹಿಡಿದು ಕೆಳಗಿಳಿದು ಬಂದ.

ಅಂಗಡಿಗಳ ಸಾಲಿನ ಮುಂದೆ ಅವಳು ನಿಂತಿದ್ದಳು. ಅವನು ಹತ್ತಿರ ಬಂದ. ಮುಖದಲ್ಲಿ ನಗುವಿರಲಿಲ್ಲ.

“ತಪ್ಪು ಹುಡುಕಿದ್ದು ನೀನಂತೆ.”

“ಮಾಡಿದ್ದೂ ನಾನೇ.”

“ಅದಲ್ಲ. ಹುಡುಕ್ಲಿಕ್ಕೆ ಕೂತಾಗ... ನನ್ನನ್ನು ನಂಬಿದ್ಯಾ?”

ಹೌದು ಎಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಒಂದೇ ಒಂದು ಸುಳ್ಳು... ಆದರೆ ಇವನ ಮುಂದೆ ಇನ್ನು ಸುಳ್ಳು ಬೇಡ.

“ಇಲ್ಲ” ಎಂದಳು. ಕಣ್ಣು ತುಂಬಿ ಬಂತು. “ನಂಬಿರ್ಲಿಲ್ಲ ಹರ್ಷಿತ್. ನೀನೇ ಮಾಡಿದ್ದಿ ಅಂತಲೇ ಇತ್ತು ಮನಸ್ಸಲ್ಲಿ. ಆದ್ರೂ ಹುಡುಕಿದೆ. ನೀನು ಕಳ್ಳನೇ ಆಗಿದ್ರೂ ನನಗೆ ನೀನು ಬೇಕಿತ್ತು.”

ಅವನು ರಸ್ತೆಯ ಕಡೆ ತಿರುಗಿ ನಿಂತ. ಹೋಗಿಬಿಡುತ್ತಾನೆ ಎಂದುಕೊಂಡಳು. ಹೋದರೆ ತಡೆಯುವ ಹಕ್ಕು ತನಗೆಲ್ಲಿದೆ?

“ಅಶ್ಮಿ.”

“ಹ್ಞೂಂ...”

“ಬೆಳಿಗ್ಗೆಯಿಂದ ಎಂತಾದ್ರೂ ತಿಂದಿದ್ಯಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಅಳು ತಡೆಯಲಾಗಲಿಲ್ಲ.

“ನಾನೂ ತಿನ್ಲಿಲ್ಲ. ಬಾ,” ಎಂದು ಅವನು ಕೈ ಚಾಚಿದ.